ಪಾಳಿಯ ನೀರು

ಘಟಪ್ರಭೆಯ ಗುಂಟ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಗಳನ್ನು ನೋಡುತ್ತ ನಡೆದೆವು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ರಾಜಾ ಲಖಮಗೌಡ ಜಲಾಶಯವು ಕಡಲಿನಂತೆ ಹರಡಿದೆ. ಕೆಳಗೆ ಧೂಪದಾಳದಲ್ಲಿ, 1897ರಲ್ಲಿ ಮುಗಿದ ಒಡ್ಡು ಹೊಳೆಯ ನೀರನ್ನು ಎಡದಂಡೆಯ ಕಾಲುವೆಗೆ ತಿರುಗಿಸುತ್ತದೆ. ಮುಂದೆ ಗೋಕಾಕದ ಬಳಿ ಅದೇ ಹೊಳೆಯು ಸುಮಾರು 170 ಅಡಿ ಕೆಳಕ್ಕೆ ಧುಮುಕುವುದನ್ನು ಕಂಡು ಬೆರಗಾಗದವರು ಯಾರು?

ಆದರೆ ನಮ್ಮ ಮನಸ್ಸು ನಿಂತುದು ಮೂಡಲಗಿಯ ಕಡೆಯ ಕಬ್ಬಿನ ಹೊಲಗಳಲ್ಲಿ. ಕಾಲುವೆಯ ನೀರು ಅಲ್ಲಿ ಪಾಳಿಯ ಮೇಲೆ ಹರಿಯತಕ್ಕದ್ದು. ತನ್ನ ಪಾಳಿ ತೀರಿದೊಡನೆ ಮಡೆಯನ್ನು ಮುಚ್ಚಿ ಕೆಳಗಿನ ಹೊಲದವನಿಗೆ ನೀರು ಬಿಡಬೇಕು. ಮೇಲಿನವನು ನಡುರಾತ್ರಿ ನಾಲ್ಕು ಗುದ್ದಲಿ ಮಣ್ಣು ಸರಿಸಿದರೆ ಸಾಕು, ಕಟ್ಟಕಡೆಯವನ ಬೆಳೆ ಒಣಗುವುದು. ಅಣೆಕಟ್ಟಿಗೆ ಕಾವಲುಗಾರರುಂಟು, ಆ ಮಡೆಗೆ ಒಕ್ಕಲಿಗನ ಮನಸ್ಸಾಕ್ಷಿಯೇ ಕಾವಲು.

ಸಂಸಾರದಲ್ಲಿಯೂ ಹೀಗೆಯೇ. ಮೊದಲು ಉಂಡವರು ಕಡೆಗೆ ಉಣ್ಣುವವರಿಗೆಂದು ಉಳಿಸುವುದು, ನಳದಲ್ಲಿ ಕೊಡ ತುಂಬಿದೊಡನೆ ಮುಂದಿನವರಿಗೆ ದಾರಿ ಬಿಡುವುದು, ಇವು ಯಾರೂ ಲೆಕ್ಕಿಸದ ಕಾರ್ಯಗಳು. ಮನುಷ್ಯನ ಶೀಲವು ಪರೀಕ್ಷೆಗೊಳ್ಳುವುದು ಇಂಥಲ್ಲಿಯೇ. ಮಕ್ಕಳಿಗೆ ಗೋಕಾಕದ ಜಲಪಾತವನ್ನು ತೋರಿಸುವ ತಾಯಿತಂದೆಗಳು ಹೊಲದ ಆ ಚಿಕ್ಕ ಮಡೆಯನ್ನೂ ತೋರಿಸಿ ಬರಲಿ.