ಹೊಗೆಗೂ ಒಂದು ಗಡಿ

ದೇಶ ಸುತ್ತು, ಕೋಶ ಓದು ಎಂದರು ಹಿರಿಯರು. ಪರದೇಶಕ್ಕೆ ಹೊರಟ ಧೂಮಪಾನಿಗಳು ಮಾತ್ರ ಈ ಕ್ರಮವನ್ನು ತಿರುಗಿಸಿ, ಮೊದಲು ಕೋಶ ಓದಿ ಆಮೇಲೆ ದೇಶ ಸುತ್ತುವುದು ಕ್ಷೇಮ. ಸಿಗರೇಟಿನ ನಿಯಮ ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಹೊರನಾಡಿನಲ್ಲಿ ನೆಲೆಸಿದ ಮಕ್ಕಳನ್ನು ನೋಡಲು ಹೋಗುವ ಅಪ್ಪಂದಿರಿಗಂತೂ ಈ ಪಾಠ ಕಡ್ಡಾಯ.

ಮೊದಲ ಪಾಠ ವಿಮಾನದಲ್ಲೇ ಆರಂಭ. ಶೌಚಾಲಯದೊಳಗೆ ಧೂಮಪಾನ ನಿಷೇಧದ ಫಲಕವಿರುತ್ತದೆ. ಬಾಗಿಲಲ್ಲೇ ಪುಟ್ಟದೊಂದು ಆಷ್‌ಟ್ರೇಯೂ ಇರುತ್ತದೆ! ಇದೇನು ವಿಚಿತ್ರ ಎನ್ನಿಸಬಹುದು. 1973ರ ಜುಲೈ 11ರಂದು ರಿಯೊ ಡಿ ಜನೈರೊದಿಂದ ಪ್ಯಾರಿಸ್‌ಗೆ ಬರುತ್ತಿದ್ದ ವಾರಿಗ್ ಸಂಸ್ಥೆಯ ವಿಮಾನದ ಶೌಚಾಲಯದಲ್ಲಿ ಬೆಂಕಿ ಹತ್ತಿತು. 123 ಮಂದಿ ಸತ್ತರು, ಹೆಚ್ಚಿನವರು ಹೊಗೆಯಿಂದಲೇ. ಕಸದ ಡಬ್ಬಿಗೆ ಬಿದ್ದ ಸಿಗರೇಟಿನ ತುಂಡು ಕಾರಣವಿರಬೇಕೆಂಬ ಶಂಕೆ ಉಳಿಯಿತು. ನಿಯಮ ಮೀರುವವನು ಒಬ್ಬನಾದರೂ ಇದ್ದೇ ಇರುತ್ತಾನೆ, ಅವನ ಕೈಯ ಕೆಂಡ ಕಾಗದದ ಮೇಲೆ ಬೀಳದಿರಲಿ ಎಂದೇ ಆ ಆಷ್‌ಟ್ರೇ.

ದಾರಿಯಲ್ಲಿ ಸಿಂಗಪುರದಲ್ಲಿ ಇಳಿದು ಊರು ನೋಡುವವರು ಜೇಬು ನೋಡಿಕೊಳ್ಳಬೇಕು. ಅಲ್ಲಿ ಸಿಗರೇಟಿಗೆ ಸುಂಕದ ರಿಯಾಯಿತಿ ಇಲ್ಲ. ತಂದದ್ದನ್ನೆಲ್ಲ ತಿಳಿಸಿ ಸುಂಕ ಕಟ್ಟಬೇಕು. ಇ-ಸಿಗರೇಟು ಇಟ್ಟುಕೊಳ್ಳುವುದೇ ಅಪರಾಧ.

ಇನ್ನು ಜಪಾನ್. ಕೋಣೆಯೊಳಗೆ ಬೇಡ, ಬೀದಿಗೆ ಬಂದರೆ ಅಡ್ಡಿಯಿಲ್ಲ ಎಂಬುದು ನಮ್ಮವರ ರೂಢಿ. ಅಲ್ಲಿ ಬಹುಕಾಲ ಇದಕ್ಕೆ ತದ್ವಿರುದ್ಧ. ಹೋಟೆಲಿನೊಳಗೆ ಸೇದಬಹುದಿತ್ತು, ಬೀದಿಯಲ್ಲಿ ಕೂಡದು. ಅರಮನೆಯಿರುವ ಟೋಕಿಯೊದ ಚಿಯೊಡಾ ವಾರ್ಡು 2002ರಲ್ಲೇ ರಸ್ತೆಯ ಧೂಮಪಾನಕ್ಕೆ 2,000 ಯೆನ್ ದಂಡ ಹಾಕತೊಡಗಿತು. 2020ರ ಏಪ್ರಿಲ್‌ನಿಂದ ಒಳಾಂಗಣಕ್ಕೂ ನಿಷೇಧ ಬಂತು. ಕೆಲವು ಸಣ್ಣ ಹೋಟೆಲುಗಳಿಗಷ್ಟೇ ವಿನಾಯಿತಿ.

ಮೊಮ್ಮಗಳ ಕೈಹಿಡಿದು ಅರಮನೆ ನೋಡಲು ಹೊರಟ ತಾತನೊಬ್ಬ ಇನ್ನೊಂದು ಕೈಯಲ್ಲಿ ಸಿಗರೇಟು ಹಚ್ಚಿದನೆಂದಿಟ್ಟುಕೊಳ್ಳಿ. ಮಗಳು ತಡೆಯುತ್ತಾಳೆ.

‘ಬಯಲಲ್ಲವೇನಮ್ಮಾ, ಹೊಗೆ ಗಾಳಿಗೆ ಹೋಗುತ್ತೆ.’

‘ಹೊಗೆ ಹೋಗುತ್ತೆ ಅಪ್ಪಾ. ಆದರೆ ನಿಮ್ಮ ಕೈ ಎಷ್ಟೆತ್ತರದಲ್ಲಿದೆ ನೋಡಿ. ಪುಟ್ಟಿಯಂಥ ಮಕ್ಕಳ ಕಣ್ಣೂ ಅಷ್ಟೇ ಎತ್ತರದಲ್ಲಿರುತ್ತೆ.’

ಇದಕ್ಕೆ ಉತ್ತರವಿಲ್ಲ. ಸೇದುವಾಗ ಸಿಗರೇಟಿನ ತುದಿಯ ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ಜನಸಂದಣಿಯಲ್ಲಿ ಅಂಥ ಕೆಂಡವನ್ನು ಬೀಸಿಕೊಂಡು ನಡೆಯುವುದು ಸಲ್ಲದು. ಅಲ್ಲಿನ ಅನೇಕ ಧೂಮಪಾನಿಗಳು ಮುಚ್ಚಳದ ಪುಟ್ಟ ಆಷ್‌ಟ್ರೇಯನ್ನು ಜೇಬಿನಲ್ಲೇ ಇಟ್ಟುಕೊಂಡು, ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಸೇದುತ್ತಾರೆ. ಇಪ್ಪತ್ತು ತುಂಬದವರಿಗೆ ಸಿಗರೇಟು ನಿಷಿದ್ಧ; ಒಳಾಂಗಣದ ಧೂಮಪಾನ ಕೋಣೆಗೆ ಅಪ್ಪನ ಜೊತೆಯಲ್ಲೂ ಅವರಿಗೆ ಪ್ರವೇಶವಿಲ್ಲ. ವಿದ್ಯಾರ್ಥಿಗಳು ಇದನ್ನು ನೆನಪಿಡಬೇಕು.

ಸೌಜನ್ಯದಿಂದ ನಿಯಮಕ್ಕೆ, ನಿಯಮದಿಂದ ಮರಳಿ ಸೌಜನ್ಯಕ್ಕೆ ಎಂಬರ್ಥದ ಘೋಷಣೆಯೊಂದು ಚಿಯೊಡಾದಲ್ಲಿದೆ. ಸೌಜನ್ಯ ಸೋತಲ್ಲಿ ದಂಡ ಬರುತ್ತದೆ. ದಂಡ ಕಲಿಸಿದ್ದು ಕ್ರಮೇಣ ನಡತೆಯಾಗಬೇಕು ಎಂಬ ಆಸೆ ಅದರಲ್ಲಿದೆ. ಭಾರತದಲ್ಲೂ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ ನಿಷೇಧವಿದೆ. ಪರದೇಶದಲ್ಲಿ ದಂಡಕ್ಕೆ ಹೆದರಿ ಸಿಗರೇಟು ಜೇಬಿಗಿಳಿಸಿದವರು, ನಮ್ಮೂರಿನ ಬಸ್ ನಿಲ್ದಾಣದಲ್ಲಿ ಪಕ್ಕದ ಮಗುವನ್ನು ಕಂಡು ಹಾಗೆಯೇ ಮಾಡಿದರೆ, ಪ್ರವಾಸಕ್ಕೆ ಸುರಿದ ಹಣ ಸಾರ್ಥಕ.