ಎಡದಿಂದ ಬಲಕ್ಕೆ, ಹನ್ನೊಂದು

ರವಿವಾರ ಬೆಳಗಿನ ಚಹಾ ಮುಗಿಯುವ ಹೊತ್ತಿಗೆ ಮುನವಳ್ಳಿಯ ಆ ಮನೆಯ ಪಡಸಾಲೆಯಲ್ಲಿ ಒಂದು ಬಗೆಯ ಗಂಭೀರ ಮೌನ ನೆಲೆಸುತ್ತದೆ. ನಿವೃತ್ತ ಕನ್ನಡ ಮಾಸ್ತರರು ಕಂಬಕ್ಕೆ ಒರಗಿ, ವಾರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಪೆನ್ಸಿಲ್ಲಿನ ತುದಿಯನ್ನು ಚೂರಿಯಿಂದ ಕೆತ್ತುತ್ತಾರೆ. ಕಥೆ, ಧಾರಾವಾಹಿ, ವಾರಭವಿಷ್ಯಗಳೆಲ್ಲ ಮನೆಯ ಉಳಿದವರಿಗೆ. ಪದಬಂಧದ ಪುಟ ಮಾತ್ರ ಅವರದು. ಅದು ತುಂಬುವವರೆಗೆ ಮನೆಗೆ ಬಂದವರಿಗೆ ಕೂಡ್ರಲು ಚಾಪೆ ದೊರೆಯಬಹುದು, ಮಾತು ದೊರೆಯಲಾರದು.

ಮೊದಲಿಗೆ ಇದು ಒಬ್ಬರ ಕೆಲಸವೇ ಆಗಿತ್ತು. ಪಕ್ಕದಲ್ಲಿ ಕಿಟ್ಟೆಲರ ಕೋಶವಿರುತ್ತಿತ್ತು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥದ ಮರುಮುದ್ರಣವೊಂದನ್ನು ಮಾಸ್ತರರು ನೌಕರಿಯ ಮೊದಲ ವರ್ಷಗಳಲ್ಲಿ ಕಂತಿನ ಮೇಲೆ ಕೊಂಡಿದ್ದರು. 2019ರ ಆಗಸ್ಟ್ ತಿಂಗಳಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯನ್ನು ಮೀರಿ ಊರೊಳಗೆ ನುಗ್ಗಿದಾಗ, ಕಪಾಟಿನ ಕೆಳಗಿನ ಎರಡು ಸಾಲು ಪುಸ್ತಕಗಳು ನೀರುಂಡವು. ಕೋಶವು ಉಬ್ಬಿ ಹಿಟ್ಟಿನ ಮುದ್ದೆಯಂತಾಯಿತು. ಬಿಸಿಲಿಗೆ ಒಣಗಿಸಿ ನೋಡಿದರೆ ‘ಪ’ದಿಂದ ಮುಂದಿನ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಹೋಗಿದ್ದವು. ಮನೆಯ ಗೋಡೆ ಬಿರುಕು ಬಿಟ್ಟುದಕ್ಕಿಂತ ಇದಕ್ಕಾಗಿಯೇ ಅವರು ಹೆಚ್ಚು ಮರುಗಿದರೆಂದು ಅವರ ಪತ್ನಿ ಇಂದಿಗೂ ಹೇಳುತ್ತಾರೆ.

ಆ ಬಳಿಕ ಮಕ್ಕಳು ಒಂದು ಉಪಾಯ ಹೂಡಿದರು. ಮಗಳಿರುವುದು ಪುಣೆಯಲ್ಲಿ, ಮಗ ಬೆಂಗಳೂರಿನ ಬ್ಯಾಂಕೊಂದರಲ್ಲಿ, ತಮ್ಮನ ಮಗ ಹುಬ್ಬಳ್ಳಿಯಲ್ಲಿ ಕಟ್ಟಡಗಳ ಎಂಜಿನಿಯರು. ಎಲ್ಲರೂ ಸೇರಿ ಮೊಬೈಲಿನಲ್ಲಿ ಒಂದು ವಾಟ್ಸಾಪ್ ಬಳಗ ಕಟ್ಟಿದರು. ರವಿವಾರ ಮುಂಜಾನೆ ಪದಬಂಧದ ಚಿತ್ರ ಮುನವಳ್ಳಿಯಿಂದ ಹೊರಡುತ್ತದೆ. ಅರ್ಧ ತಾಸಿನೊಳಗೆ ಮೂರೂ ದಿಕ್ಕಿನಿಂದ ಉತ್ತರಗಳು ಬರತೊಡಗುತ್ತವೆ. ಮರಾಠಿಯಿಂದ ಬಂದ ಶಬ್ದವೆಂದರೆ ಮಗಳದು, ಹಣಕಾಸಿನದೆಂದರೆ ಮಗನದು, ಕಲ್ಲುಮಣ್ಣಿನದು ಎಂಜಿನಿಯರನದು. ಪುರಾಣ, ವ್ಯಾಕರಣ, ಹಳಗನ್ನಡಗಳೆಲ್ಲ ಮಾಸ್ತರರ ಖಾಸಾ ಜಹಗೀರು. ಅಡಿಗೆಯ ಮತ್ತು ಹಬ್ಬದ ಶಬ್ದಗಳನ್ನು ಅವರ ಪತ್ನಿ ಒಳಗಿನಿಂದಲೇ ಕೂಗಿ ಹೇಳುತ್ತಾರೆ. ಅವರ ಹೆಸರು ಬಳಗದಲ್ಲಿಲ್ಲ. ಆದರೂ ವಾರಕ್ಕೆ ಮೂರು ನಾಲ್ಕು ಮನೆಗಳು ಅವರಿಂದ ತುಂಬುತ್ತವೆ.

ಹೀಗೆ ನಾಲ್ಕು ಜನರ ಕೈ ಹಿಡಿದು ಬಿಡಿಸುವುದು ಮೋಸವಲ್ಲವೆ ಎಂದು ಒಮ್ಮೆ ಮಗ ತಮಾಷೆಗೆ ಕೇಳಿದ್ದುಂಟು. ಮಾಸ್ತರರು ತಮಾಷೆಯನ್ನು ತಮಾಷೆಯಾಗಿ ತೆಗೆದುಕೊಳ್ಳುವವರಲ್ಲ. ಅವರು ಸಿರಿಭೂವಲಯದ ಕಥೆ ತೆಗೆದರು. ಕುಮುದೇಂದು ಮುನಿಯದೆಂದು ಹೇಳುವ ಆ ಗ್ರಂಥದಲ್ಲಿ ಅಕ್ಷರಗಳೇ ಇಲ್ಲ. ಉದ್ದಕ್ಕೆ 27, ಅಡ್ಡಕ್ಕೆ 27, ಒಟ್ಟು 729 ಮನೆಗಳ ಚಕ್ರಗಳಲ್ಲಿ 1ರಿಂದ 64ರವರೆಗಿನ ಅಂಕಿಗಳು ಮಾತ್ರ. ಒಂದೊಂದು ಅಂಕಿಯೂ ಒಂದೊಂದು ಧ್ವನಿ. ಯಾವ ಮನೆಯಿಂದ ಯಾವ ಮನೆಗೆ ನಡೆಯಬೇಕೆಂಬ ಬಂಧದ ಗುಟ್ಟು ತಿಳಿದರೆ ಪದ್ಯ, ತಿಳಿಯದಿದ್ದರೆ ಬರಿಯ ಲೆಕ್ಕದ ಹಾಳೆ. ಅದರ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ 1953ರಲ್ಲಿ ಅದರ ಮೊದಲ ಭಾಗವನ್ನು ಕನ್ನಡದ ಕಣ್ಣಿಗೆ ಕಾಣಿಸಿದವರು ಒಬ್ಬರಲ್ಲ, ಮೂವರು: ಆಯುರ್ವೇದ ಪಂಡಿತರಾದ ಯಲ್ಲಪ್ಪ ಶಾಸ್ತ್ರಿಗಳು, ಕರ್ಲಮಂಗಲಂ ಶ್ರೀಕಂಠಯ್ಯನವರು, ಮತ್ತು ಕನ್ನಡ ಬೆರಳಚ್ಚು ಯಂತ್ರಕ್ಕಾಗಿ ದುಡಿದ ಕೆ. ಅನಂತಸುಬ್ಬರಾಯರು. ವೈದ್ಯ, ಪಂಡಿತ, ಯಂತ್ರ ಬಲ್ಲವ! ಮೂವರು ಕೂಡಿದಾಗ ಅದು ಮೋಸವಾಗದಿದ್ದರೆ ಮುನವಳ್ಳಿಯಲ್ಲಿ ಮಾತ್ರ ಏಕಾಗಬೇಕು? ಮಗ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಕನ್ನಡದ ಪದಬಂಧಕ್ಕೆ ನಾಲ್ಕು ತಲೆ ಬೇಕಾಗುವುದಕ್ಕೆ ಇನ್ನೊಂದು ಕಾರಣವೂ ಉಂಟು. ಈ ಆಟ ಹುಟ್ಟಿದ್ದು ಕನ್ನಡಕ್ಕಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯಲ್ಲಿ ಲಿವರ್‌ಪೂಲಿನ ಆರ್ಥರ್ ವಿನ್ ಎಂಬಾತ ವಜ್ರಾಕೃತಿಯ ಚೌಕಟ್ಟೊಂದನ್ನು ಅಚ್ಚು ಹಾಕಿಸಿದ. ಅಲ್ಲಿಂದ ಅದು ಲೋಕವನ್ನೆಲ್ಲ ಹಬ್ಬಿತು. ಇಂಗ್ಲಿಷಿನಲ್ಲಿ ಒಂದು ಮನೆಗೆ ಒಂದು ಬಿಡಿ ಅಕ್ಷರ, ಇರುವವೇ 26. ಕನ್ನಡದ ಮನೆಯಲ್ಲಿ ಅಕ್ಷರವು ಸಂಸಾರ ಸಮೇತ ಬಂದು ಕೂಡುತ್ತದೆ: ಸ್ವರ, ದೀರ್ಘ, ಸೊನ್ನೆ, ಒತ್ತು ಎಲ್ಲವೂ ಜೊತೆಗೆ. ‘ಲಕ್ಷ್ಮೀ’ಗೆ ಎರಡೇ ಮನೆ ಸಾಕು. ಅಡ್ಡಸಾಲಿನ ‘ನ’ಕ್ಕೂ ಕೆಳಸಾಲಿನ ‘ನಿ’ಗೂ ಹೊಂದಿಕೆಯಿಲ್ಲ, ‘ಹ’ ಬೇರೆ, ‘ಹಂ’ ಬೇರೆ. ಎರಡು ಶಬ್ದಗಳು ಒಂದೆಡೆ ಕೂಡಬೇಕಾದರೆ ಕಾಗುಣಿತ ಸಹಿತ ಕೂಡಬೇಕು. ಆದ್ದರಿಂದ ಒಂದು ಮನೆ ತಪ್ಪಿದರೆ ಸುತ್ತಲಿನ ನಾಲ್ಕು ಮನೆಗಳಲ್ಲಿ ಜಗಳ ಏಳುತ್ತದೆ. ಊರಿನ ಓಣಿಯಲ್ಲಿ ಆಗುವುದೂ ಹೀಗೆಯೇ ಅಲ್ಲವೆ?

ಶ್ರಾವಣದ ಆ ರವಿವಾರ ಜಗಳ ಎದ್ದುದು ಎಡದಿಂದ ಬಲಕ್ಕೆ, 11ರಲ್ಲಿ. ಸೂಚನೆ ಹೀಗಿತ್ತು: ‘ವೈರಿಯ ಮುಖ ಹೊತ್ತಿದ್ದರೂ ರೈತನ ಕಾಳು ಕಾಯುವುದು (3)’. ಮಾಸ್ತರರು ಒಂದು ಕ್ಷಣವೂ ತಡೆಯದೆ ‘ಕಣಜ’ ಎಂದು ಬರೆದರು. ಕಣಜವೆಂದರೆ ಕಾಳಿನ ಉಗ್ರಾಣ. ಕಣಜವೆಂದರೆ ಕುಟುಕುವ ಹುಳವೂ ಹೌದು, ಅಂದಮೇಲೆ ವೈರಿಯ ಮುಖವೂ ಸಿಕ್ಕಿತು. ಇಂಥ ಶ್ಲೇಷೆ ಸಿಕ್ಕಾಗ ಅವರಿಗೆ ಆಗುವ ಆನಂದ ಬೇರೆಯವರಿಗೆ ತಿಳಿಯದು. ಪೆನ್ಸಿಲ್ಲು ಬಿಟ್ಟು ಪೆನ್ನಿನಿಂದಲೇ ಬರೆದುಬಿಟ್ಟರು.

ಪೆನ್ನಿನ ಮಸಿ ಒಣಗುವ ಮೊದಲೇ ತೊಂದರೆ ಮೊದಲಾಯಿತು. ಮೇಲಿನಿಂದ ಕೆಳಕ್ಕೆ 8: ‘ಕಹಿಯಾದರೂ ಮನೆಯಂಗಳದಲ್ಲಿ ಬೇಕು (2)’. ಅದರ ಎರಡನೆಯ ಮನೆಯಲ್ಲಿ ಕಣಜದ ‘ಜ’ ಕುಳಿತಿತ್ತು. ಒಳಗಿನಿಂದ ಪತ್ನಿ ಕೂಗಿದರು:

“ಬೇವು ಅಲ್ಲೇನ್ರೀ ಅದು?”

“ಅಲ್ಲ. ಜ ಐತಿ ಅಲ್ಲೆ. ಬೀಜ ಇರಬೇಕು.”

“ಬೀಜ ಯಾವಾಗಿನಿಂದ ಕಹಿ ಆತು?”

“ಹಾಗಲಬೀಜ ಕಹಿ ಇರೂದಿಲ್ಲೇನು? ಅಂಗಳದಾಗ ಹಾಕತಾರಿಲ್ಲೊ?”

ಒಳಗಿನಿಂದ ಉತ್ತರ ಬರಲಿಲ್ಲ. ಪಾತ್ರೆಗಳ ಸದ್ದು ಮಾತ್ರ ತುಸು ಜೋರಾಯಿತು.

‘ಕ’ದಿಂದ ಕೆಳಕ್ಕೆ ಇಳಿಯುವ ಸಾಲಿನ ಸೂಚನೆ ‘ಅಲೆಗಳ ನಡುವೆಯೇ ಇದರ ಬಾಳು (3)’. ಮಗಳು ಪುಣೆಯಿಂದ ‘ಕಡಲು’ ಎಂದು ಕಳಿಸಿದಳು. ಅದರ ಕೊನೆಯ ‘ಲು’ವಿನಿಂದ ಇನ್ನೊಂದು ಅಡ್ಡಸಾಲು ಹೊರಡಬೇಕು: ‘ಮಂಗಲಕಾರ್ಯಕ್ಕೆ ಮೊದಲ ಪೆಟ್ಟು ಇದರದು (3)’. ಕನ್ನಡದಲ್ಲಿ ‘ಲು’ದಿಂದ ಆರಂಭವಾಗುವ ಶಬ್ದಗಳೆಷ್ಟು? ಬ್ಯಾಂಕಿನ ಮಗ ಬಹಳ ಯೋಚಿಸಿ ‘ಲುಕ್ಸಾನು’ ಎಂದ. ಮನೆಗಳೇನೋ ಮೂರು ಸರಿಹೋದವು. ಆದರೆ ಲುಕ್ಸಾನಿನಿಂದ ಮೊದಲಾಗುವ ಮಂಗಲಕಾರ್ಯ ಯಾವುದೆಂದು ಹುಬ್ಬಳ್ಳಿಯವನು ಕೇಳಿದ. ಮದುವೆ ಎಂದು ಮಗನೇ ಉತ್ತರಿಸಿದ. ಎಲ್ಲರೂ ನಕ್ಕರು, ಚೌಕಟ್ಟು ಮಾತ್ರ ತುಂಬಲಿಲ್ಲ. ಊಟದ ಹೊತ್ತಾದರೂ ಮಾಸ್ತರರು ಏಳಲಿಲ್ಲ. ಕಣಜವನ್ನು ಕೈಬಿಡಲು ಅವರು ಸಿದ್ಧರಿರಲಿಲ್ಲ.

ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ಅವರ ಅಕ್ಕ ಹೂಬತ್ತಿ ಹೊಸೆಯುತ್ತ ಕುಳಿತಿದ್ದರು. 82 ವರ್ಷದ ಮುದುಕಿ. ಬೈಲಹೊಂಗಲದ ಕಡೆಗೆ ಕೊಟ್ಟಿತ್ತು. ಗಂಡ ತೀರಿಕೊಂಡ ಮೇಲೆ ತಮ್ಮನ ಆಸರೆಗೆ ಬಂದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲವಾದ್ದರಿಂದ ಅಕ್ಷರದ ಈ ಆಟದಲ್ಲಿ ಅವರನ್ನು ಯಾರೂ ಕೇಳಿದ್ದಿಲ್ಲ. ಅಂದು ಬೇಸತ್ತ ಮಾಸ್ತರರು ಸೂಚನೆಯನ್ನು ತಮಗೆ ತಾವೇ ಗಟ್ಟಿಯಾಗಿ ಮೂರು ನಾಲ್ಕು ಸಲ ಓದಿಕೊಂಡದ್ದು ಅವರ ಕಿವಿಗೆ ಬಿತ್ತು.

“ಹಗೇವು ಅಲ್ಲೇನೋ ತಮ್ಮಾ? ಹಗಿ ಅಂದ್ರ ವೈರೀನ. ಕಾಳು ಕಾಯೂದೂ ಅದ, ಮನಷ್ಯಾನ್ನ ನುಂಗೂದೂ ಅದ.”

ಮಾಸ್ತರರ ಕೈಯ ಪೆನ್ಸಿಲ್ಲು ನಿಂತಿತು.

ಇಂದಿನ ಪೇಟೆಯ ಮನೆಗಳಲ್ಲಿ ಹುಟ್ಟಿದವರಿಗೆ ಹಗೇವು ತಿಳಿಯಲಿಕ್ಕಿಲ್ಲ. ಮನೆಯ ಮುಂದೆಯೋ ಹಿತ್ತಿಲಿನಲ್ಲಿಯೋ ನೆಲವನ್ನು ಅಗೆದು ಮಾಡಿದ ಕಾಳಿನ ಕುಳಿಯದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಹುಲ್ಲು ಹೊಟ್ಟಿನ ಮೆತ್ತೆ ಮಾಡಿ, ಜೋಳ ಸುರಿದು, ಬಾಯಿಗೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣಿನಿಂದ ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದರ ಗುಟ್ಟು ಗಾಳಿಯಲ್ಲಿದೆ. ಮುಚ್ಚಿದ ಕುಳಿಯಲ್ಲಿ ಕಾಳೂ ಬೂಸೂ ಉಸಿರಾಡುತ್ತ ಪ್ರಾಣವಾಯುವನ್ನು ತೀರಿಸಿಬಿಡುತ್ತವೆ; ಭಾರವಾದ ಇಂಗಾಲಾಮ್ಲ ತಳದಲ್ಲಿ ನಿಲ್ಲುತ್ತದೆ. ಆ ಗಾಳಿಯಲ್ಲಿ ಹುಳು ಬದುಕದು, ಆದ್ದರಿಂದ ಕಾಳು ಉಳಿಯುತ್ತದೆ. ಮನುಷ್ಯನೂ ಬದುಕಲಾರ. ಆದುದರಿಂದಲೇ ಚಪ್ಪಡಿ ತೆಗೆದ ಮೇಲೆ ಬಹಳ ಹೊತ್ತು ಬಿಟ್ಟು, ಉರಿಯುವ ದೀಪವನ್ನು ಹಗ್ಗಕ್ಕೆ ಕಟ್ಟಿ ಒಳಗಿಳಿಸುವರು. ದೀಪ ಉರಿದರೆ ಆಳು ಇಳಿಯಬೇಕು, ಆರಿದರೆ ಕಾಯಬೇಕು. ಪದಬಂಧದ ಕರ್ತೃ ‘ಹಗೆ’ಯ ಕೊರಳನ್ನು ತುಸು ಎಳೆದು ದೀರ್ಘ ಮಾಡಿಕೊಂಡಿದ್ದನೆಂಬುದನ್ನು ಬಿಟ್ಟರೆ ಸೂಚನೆ ಸರಿಯಾಗಿಯೇ ಇತ್ತು.

ಮೂವತ್ತೈದು ವರ್ಷ ಕನ್ನಡ ಕಲಿಸಿದ ಮಾಸ್ತರರಿಗೆ ಈ ಶಬ್ದ ತಿಳಿಯದೆಂದಲ್ಲ. ಅವರು ಹುಟ್ಟಿದ ಈ ಮನೆಯ ಹಿತ್ತಿಲಿನಲ್ಲಿಯೇ ಒಂದು ಹಗೇವು ಇತ್ತು. ಅವರಿಗೆ 8 ವರ್ಷವಾಗಿದ್ದಾಗ, ಪಂಚಮಿಯ ಅಳ್ಳು ಹುರಿಯಲು ಜೋಳ ಬೇಕೆಂದು ಅದನ್ನು ತೆಗೆದರು. ಹಿರಿಯಣ್ಣ ಇಳಿದವನು ಮೇಲೆ ಬರಲಿಲ್ಲ. ಹಬ್ಬಕ್ಕೆಂದು ತವರಿಗೆ ಬಂದಿದ್ದ ಅಕ್ಕನಿಗೆ ಆಗ 20 ವರ್ಷ. ತಂದೆ ಆ ವಾರವೇ ಕುಳಿಗೆ ಮಣ್ಣು ತುಂಬಿಸಿದರು. ಚಪ್ಪಡಿಯನ್ನು ಬಚ್ಚಲ ಮಗ್ಗುಲಿಗೆ ಹಾಕಿಸಿದರು. ಇಂದಿಗೂ ಅದರ ಮೇಲೆಯೇ ಬಟ್ಟೆ ಒಗೆಯುತ್ತಾರೆ. ಆ ಶಬ್ದವನ್ನು ಮಾತ್ರ ಮನೆಯಲ್ಲಿ ಯಾರೂ ಆಡಲಿಲ್ಲ. ಮಕ್ಕಳಿಗೆ ದೊಡ್ಡಪ್ಪನೊಬ್ಬ ಚಿಕ್ಕಂದಿನಲ್ಲಿಯೇ ತೀರಿಕೊಂಡನೆಂದಷ್ಟೇ ಗೊತ್ತು.

“ನಾ ಕಂದೀಲ ತರಾಕ ಹೋಗಿದ್ದೆ,” ಎಂದರು ಮಾಸ್ತರರು ಬಹಳ ಹೊತ್ತಿನ ಮೇಲೆ. “ಎಷ್ಟು ಕಡ್ಡಿ ಗೀರಿದರೂ ಹತ್ತವಲ್ದು. ನನಗ ಹಚ್ಚಾಕ ಬರಲಿಲ್ಲ. ತಡಾ ಆತು ಅಂತ ಅಣ್ಣ ಇಳದಬಿಟ್ಟ.”

ಅಕ್ಕ ಬತ್ತಿಯನ್ನು ಕೆಳಗಿಟ್ಟರು.

“ಹೆಂಗ ಹತ್ತಬೇಕೋ? ಅದರಾಗ ಎಣ್ಣೀನ ಇರಲಿಲ್ಲ. ಹಿಂದಿನ ರಾತ್ರಿ ಗೆಳತ್ಯಾರ ಕೂಡ ಮಾತಾಡಕೋತ ಕುಂತು ನಾನ ಉರಿಸಿ ಮುಗಿಸಿದ್ದೆ.”

“ಯಾಕ ಹೇಳಲಿಲ್ಲ ಅಕ್ಕಾ?”

“ಯಾರಿಗಿ ಹೇಳ್ಲಿ? ಅಪ್ಪಗ ಹೇಳ್ಲೋ, ಅವ್ವಗ ಹೇಳ್ಲೋ? ನೀ ಸಣ್ಣಾಂವ.”

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಮಾಸ್ತರರ ಪತ್ನಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ಬಂದು ನಿಂತರು. ಇಬ್ಬರಲ್ಲಿ ಯಾರೂ ಅಳಲಿಲ್ಲ. 62 ವರ್ಷ ಒಬ್ಬರು ಬಾರದ ಕೈಯನ್ನು, ಇನ್ನೊಬ್ಬರು ಇಲ್ಲದ ಎಣ್ಣೆಯನ್ನು ನೆನೆಯುತ್ತ, ಅದರಲ್ಲಿ ಎಷ್ಟೋ ವರ್ಷ ಒಂದೇ ಸೂರಿನ ಕೆಳಗೆ ಉಂಡೆದ್ದಿದ್ದರು. ಅವಸರಪಟ್ಟು ಇಳಿದವನು ಅಣ್ಣನೇ ಎಂಬ ಮಾತು ಅಂದೂ ಅವರ ಬಾಯಿಂದ ಬರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಮಾಸ್ತರರು ಪತ್ರಿಕೆ ಎತ್ತಿಕೊಂಡರು. ಪೆನ್ನಿನ ಬರಹ ಅಳಿಸಲು ಬಾರದು. ‘ಕಣಜ’ದ ಮೇಲೆಯೇ ದಪ್ಪಗೆ ತಿದ್ದಿದರು. ಮೊದಲು ಬರೆದದ್ದು ಕೊನೆಯ ‘ವು’. ಅದರೊಡನೆ ಮೇಲಿನ ಮನೆ ಬೇವಾಯಿತು.

“ನಾ ಮದ್ಲ ಹೇಳಿದ್ದೆ,” ಎಂದು ಬಾಗಿಲಲ್ಲಿದ್ದವರು ಮೆಲ್ಲಗೆ ಅಂದರು.

‘ಹ’ ಬಂದ ಸುದ್ದಿ ಬಳಗಕ್ಕೆ ಮುಟ್ಟಿದ ಕೂಡಲೆ ಪುಣೆಯವಳು ಕಡಲನ್ನು ಹಿಂತೆಗೆದು ‘ಹಡಗು’ ಎಂದಳು. ‘ಗು’ ಸಿಕ್ಕಿತಲ್ಲ, ಹುಬ್ಬಳ್ಳಿಯ ಎಂಜಿನಿಯರ್ ಮರುಗಳಿಗೆಯಲ್ಲಿ ‘ಗುದ್ದಲಿ’ ಎಂದು ಬರೆದ. ತಿಂಗಳಿಗೆ ಎರಡು ಗುದ್ದಲಿ ಪೂಜೆಗೆ ನಿಲ್ಲುವ ತನಗೆ ಇದು ಹೊಳೆಯದೆ ಹೋಯಿತಲ್ಲ ಎಂದು ತನ್ನನ್ನೇ ಹಳಿದುಕೊಂಡ. ಚೌಕಟ್ಟು ತುಂಬಿತು. ಕೊನೆಗೆ ಬೆಂಗಳೂರಿನಿಂದ ಒಂದು ಸಾಲು ಬಂತು: “ಅಪ್ಪಾ, ಹಗೇವು ಅಂದ್ರ ಏನು? ಯಾರಿಗೆ ಹೊಳೀತು?”

ಮಾಸ್ತರರು ಉತ್ತರ ಬರೆಯಲು ಎರಡು ಸಲ ಬೆರಳಿಟ್ಟು ಎರಡು ಸಲ ತೆಗೆದರು. ಬಳಿಕ ಮಗನಿಗೆ ಫೋನು ಹಚ್ಚಿ, ಅತ್ತಿಂದ ದನಿ ಕೇಳಿದೊಡನೆ ಅದನ್ನು ಅಕ್ಕನ ಕೈಗೆ ಕೊಟ್ಟರು.

“ಅಂವಗ ನೀನ ಹೇಳಕ್ಕಾ,” ಎಂದರು. “ಕಂದೀಲದ್ದೂ ಹೇಳು.”