ಗಟ್ಟಿ ಬೋಲ್ಟು, ಮೆತ್ತನೆ ಬೋಲ್ಟು

ಗೆಳೆಯನೊಬ್ಬ ಮನೆಯಲ್ಲೇ ಪುಟ್ಟ ವಿಮಾನ ಕಟ್ಟುತ್ತಿದ್ದಾನೆ. ನಗಬೇಡಿ! ಬೆಂಗಳೂರಿನ ರಾಜ್ ಹಂಸ ಅಲ್ಟ್ರಾಲೈಟ್ಸ್‌ನ ಎಕ್ಸ್-ಏರ್ ಕಿಟ್ಟುಗಳು ಹೊರದೇಶಕ್ಕೆ ಹೋಗಿ, ಅಲ್ಲಿಯವರ ಗ್ಯಾರೇಜುಗಳಲ್ಲಿ ವಿಮಾನಗಳಾಗಿವೆ.

ಹೋದ ರವಿವಾರ ನವನಗರದ ನಮ್ಮ ಮನೆಗೆ ಬಂದವನ ಕೈಯಲ್ಲಿ ಇಂಜಿನ್ ಮೌಂಟಿಗೆ ಅಂತ ಹುಬ್ಬಳ್ಳಿಯಲ್ಲಿ ಕೊಂಡ ಬೋಲ್ಟುಗಳು. ತಲೆಯ ಮೇಲೆ 12.9 ಅಂತ ಅಚ್ಚು.

"ಇದಕ್ಕಿಂತ ಗಟ್ಟಿ ಬೋಲ್ಟ್ ಎಲ್ಲೈತಿ ತೋರ್ಸು" ಅಂದ.

ಗಟ್ಟಿಯೇನೋ ಹೌದು. ವಿಮಾನಗಳಿಗೆ ಬಳಸುವ ಎ.ಎನ್. ಬೋಲ್ಟು ಚದರ ಇಂಚಿಗೆ 1,25,000 ಪೌಂಡ್ ಎಳೆತ ತಡೆದರೆ ಇದು ಸುಮಾರು 1,75,000 ತಡೆಯುತ್ತದೆ. ಆದರೆ ಉಕ್ಕು ಗಡಸಾದಷ್ಟೂ ಬಾಗುವ ಗುಣ ಕಮ್ಮಿ. ಇಂಜಿನ್ ಸದಾ ನಡುಗಿಸುವ ಜಾಗದಲ್ಲಿ, ಮುರಿಯುವ ಮೊದಲು ಒಂಚೂರು ಬಾಗಿ ಸುಳಿವು ಕೊಡುವ ಬೋಲ್ಟೇ ನನಗೆ ಇಷ್ಟ. ಮೇಲಾಗಿ ಇಷ್ಟು ಗಡಸು ಉಕ್ಕಿಗೆ ಲೇಪ ಹಾಕುವಾಗ ಹೈಡ್ರೋಜನ್ ಒಳಹೊಕ್ಕಿದ್ದರೆ, ಬಿಗಿದ ಮೇಲೆ ತಾನಾಗೇ ಸೀಳಬಹುದು. ಬಿಲ್ಲಿನಲ್ಲಿ ಅದನ್ನೆಲ್ಲ ಯಾರು ಬರೀತಾರೆ?

ಇನ್ನು ನಟ್ಟು. ತಂದದ್ದು ನೈಲಾನ್ ಉಂಗುರದ್ದು, ಬೈಕಿಗಾದರೆ ಸೈ. ವಿಮಾನದ್ದೇ ಆದರೂ ಆ ನೈಲಾನ್ 121 ಡಿಗ್ರಿ ಸೆಲ್ಸಿಯಸ್ ದಾಟುವಂತಿಲ್ಲ. ಅದಕ್ಕೇ ಫೈರ್‌ವಾಲ್‌ನಿಂದ ಮುಂದೆ ಪೂರ್ತಿ ಲೋಹದ ಲಾಕ್ ನಟ್ಟು, ಇಲ್ಲವೇ ತೂತಿರುವ ಬೋಲ್ಟಿಗೆ ಕ್ಯಾಸಲ್ ನಟ್ಟು, ಸ್ಪ್ಲಿಟ್ ಪಿನ್ನು.

"ಅವನ್ನ ಹೊರಗಿಂದ ತರ್ಸಬೇಕಲೇ, ತಿಂಗಳ ಹಿಡೀತೈತಿ."

"ಹಿಡೀಲಿ ಬಿಡು. ಬಾಜೂ ಸೀಟಿನ್ಯಾಗ ಕೂಡಾಕಿ ನಿನ್ನ ಮಗಳು."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೋಲ್ಟುಗಳನ್ನು ಟೀಪಾಯಿಯ ಮೇಲಿಟ್ಟು, "ನಿಮ್ಮನಿ ಗೇಟಿಗೆ ಆಗ್ತಾವೇನು ನೋಡು" ಅಂದ :)